ಬಾಯಲ್ಲಿ ವಕಾಲತ್ತು, ಕೈಯಲ್ಲಿ ಚೆಕ್ಕು: ಟೀವಿ ವ್ಯಾಖ್ಯಾನಕಾರರು ಚುನಾವಣಾ ದೇಣಿಗೆ ಕೊಡಬಹುದೇ?

2010ರ ನವೆಂಬರ್ 2ರ ಸಂಜೆ, ಅಮೆರಿಕದ ಮಧ್ಯಾವಧಿ ಚುನಾವಣೆಯ ಮತ ಎಣಿಕೆ ನಡೆಯುತ್ತಿದ್ದಾಗ, ಎಂಎಸ್‌ಎನ್‌ಬಿಸಿ ವಾಹಿನಿಯ ಫಲಿತಾಂಶದ ಮೇಜಿನ ಮುಂದೆ ಕೀತ್ ಓಲ್ಬರ್ಮನ್ ಕುಳಿತಿದ್ದರು. ರೇಚೆಲ್ ಮ್ಯಾಡೋ, ಕ್ರಿಸ್ ಮ್ಯಾಥ್ಯೂಸ್ ಮೊದಲಾದ ಸಹೋದ್ಯೋಗಿಗಳೂ ಜೊತೆಗಿದ್ದರು. ಮತಗಟ್ಟೆಗಳು ಬೇಗ ಮುಚ್ಚುವ ರಾಜ್ಯಗಳಲ್ಲಿ ಕೆಂಟಕಿಯೂ ಒಂದಾದ್ದರಿಂದ, ಅಲ್ಲಿನ ಸೆನೆಟ್ ಸ್ಥಾನವನ್ನು ರಿಪಬ್ಲಿಕನ್ ಪಕ್ಷದ ರ‍್ಯಾಂಡ್ ಪಾಲ್ ಗೆದ್ದರು, ಡೆಮಾಕ್ರಟಿಕ್ ಪಕ್ಷದ ಜ್ಯಾಕ್ ಕಾನ್ವೇ ಸೋತರು ಎಂಬುದು ಆ ರಾತ್ರಿಯ ಮೊದಮೊದಲ ದೊಡ್ಡ ಸುದ್ದಿಗಳಲ್ಲಿ ಸೇರಿತ್ತು. ಓಲ್ಬರ್ಮನ್ ಯಾರ ಕಡೆಯವರು ಎಂಬ ಬಗ್ಗೆ ನೋಡುಗರಿಗೆ ಅನುಮಾನವೇನೂ ಇರಲಿಲ್ಲ. ವರ್ಷಗಳಿಂದ ‘ಕೌಂಟ್‌ಡೌನ್’ ಎಂಬ ತಮ್ಮ ರಾತ್ರಿಯ ಕಾರ್ಯಕ್ರಮದಲ್ಲಿ ಅವರು ರಿಪಬ್ಲಿಕನ್ ನಾಯಕರನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಳ್ಳುತ್ತ ಬಂದಿದ್ದರು. ನೋಡುಗರಿಗೆ ಗೊತ್ತಿಲ್ಲದೆ ಇದ್ದದ್ದು ಒಂದೇ ಸಂಗತಿ. ಸೋತ ಕಾನ್ವೇ ಅವರ ಪ್ರಚಾರ ನಿಧಿಗೆ ಆ ನಿರೂಪಕರೇ ಸ್ವಂತ ಜೇಬಿನಿಂದ 2,400 ಡಾಲರ್ ಕೊಟ್ಟಿದ್ದರು.

ಮೂರು ದಿನಗಳ ನಂತರ, ನವೆಂಬರ್ 5ರಂದು, ಪೊಲಿಟಿಕೊ ಸುದ್ದಿತಾಣ ಇದನ್ನು ಹೊರಗೆಡವಿತು. ಕಾನ್ವೇ ಜೊತೆಗೆ ಅರಿಜೋನಾದ ಇಬ್ಬರು ಡೆಮಾಕ್ರಟಿಕ್ ಸಂಸದರಾದ ರೌಲ್ ಗ್ರಿಹಾಲ್ವಾ ಮತ್ತು ಗೇಬ್ರಿಯೆಲ್ ಗಿಫರ್ಡ್ಸ್ ಅವರಿಗೂ ತಲಾ 2,400 ಡಾಲರ್ ಹೋಗಿತ್ತು. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದ ಗರಿಷ್ಠ ಮೊತ್ತ ಆಗ ಅಷ್ಟೇ ಇತ್ತು. ಅಂದೇ ವಾಹಿನಿಯ ಅಧ್ಯಕ್ಷ ಫಿಲ್ ಗ್ರಿಫಿನ್ ಅವರು ಓಲ್ಬರ್ಮನ್‌ರನ್ನು ವೇತನವಿಲ್ಲದೆ ಅನಿರ್ದಿಷ್ಟ ಕಾಲ ಅಮಾನತು ಮಾಡಿದರು. ಲಕ್ಷಗಟ್ಟಲೆ ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಸೈದ್ಧಾಂತಿಕವಾಗಿ ಓಲ್ಬರ್ಮನ್ ಅವರ ಎದುರು ಪಾಳೆಯದ ಸಂಪಾದಕ ವಿಲಿಯಂ ಕ್ರಿಸ್ಟಲ್ ಕೂಡ ಅವರನ್ನು ತೆಗೆಯಬಾರದು ಎಂದು ಬರೆದರು. ‘ಅನಿರ್ದಿಷ್ಟ ಕಾಲ’ವು ವಾರಾಂತ್ಯವನ್ನೂ ಸೇರಿಸಿ ನಾಲ್ಕೇ ದಿನಕ್ಕೆ ಮುಗಿದು, ನವೆಂಬರ್ 9ರ ಮಂಗಳವಾರ ಅವರು ಮತ್ತೆ ತೆರೆಯ ಮೇಲೆ ಬಂದರು. ಅದಾದ ಹತ್ತೇ ದಿನಕ್ಕೆ ಅದೇ ವಾಹಿನಿಯ ಬೆಳಗಿನ ಕಾರ್ಯಕ್ರಮದ ನಿರೂಪಕ, ಹಿಂದೆ ಫ್ಲಾರಿಡಾದಿಂದ ರಿಪಬ್ಲಿಕನ್ ಸಂಸದರಾಗಿದ್ದ ಜೋ ಸ್ಕಾರ್ಬರೋ, ತಮ್ಮ ರಾಜ್ಯದ ಗೆಳೆಯರಿಗೂ ಬಂಧುವಿಗೂ ತಲಾ 500 ಡಾಲರಿನಂತೆ ಎಂಟು ಸಲ ಕೊಟ್ಟಿದ್ದ ದೇಣಿಗೆಗಾಗಿ ಎರಡು ದಿನ ಅಮಾನತಾದರು.

ಘಟನೆ ಹದಿನೈದು ವರ್ಷ ಹಳೆಯದು. ಆದರೂ ಅಭಿಪ್ರಾಯ ಹೇಳುವುದನ್ನೇ ವೃತ್ತಿ ಮಾಡಿಕೊಂಡ ಟೀವಿ ವ್ಯಾಖ್ಯಾನಕಾರ ರಾಜಕೀಯ ದೇಣಿಗೆ ಕೊಡಬಹುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಇದೇ ಪ್ರಕರಣ ಮುಂದೆ ಬರುತ್ತದೆ. ಅದಕ್ಕೆ ಕಾರಣವಿದೆ. ಈ ಒಂದು ಪ್ರಕರಣದಲ್ಲಿ ಪ್ರಶ್ನೆಯ ಎಲ್ಲ ಮಗ್ಗುಲುಗಳೂ ಒಟ್ಟಿಗೆ ಕಾಣುತ್ತವೆ, ಮತ್ತು ಶಿಕ್ಷೆ ಬಿದ್ದದ್ದು ನನ್ನ ಮಟ್ಟಿಗೆ ಅವುಗಳಲ್ಲಿ ತೀರ ಚಿಕ್ಕ ಮಗ್ಗುಲಿಗೆ.

ಮೊದಲು ವರದಿಗಾರರ ಮಾತು. ಅದು ಸುಲಭದ್ದು. ನ್ಯೂಯಾರ್ಕ್ ಟೈಮ್ಸ್ ಮತ್ತು ಎನ್‌ಪಿಆರ್ ರೇಡಿಯೊ ತಮ್ಮ ಸುದ್ದಿಮನೆಯ ಸಿಬ್ಬಂದಿ ರಾಜಕೀಯ ದೇಣಿಗೆ ಕೊಡುವುದನ್ನು ನಿಷೇಧಿಸಿವೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸಂಪಾದಕರಾಗಿದ್ದ ಲೆನರ್ಡ್ ಡೌನಿ ಇನ್ನೂ ಮುಂದೆ ಹೋಗಿ ಮತ ಹಾಕುವುದನ್ನೇ ಬಿಟ್ಟಿದ್ದರು. ಯಾರು ಗೆಲ್ಲಬೇಕು ಎಂದು ಮನಸ್ಸಿನೊಳಗೂ ತೀರ್ಮಾನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಅದು ವ್ರತದ ಮಟ್ಟದ ಮಡಿ ಎನಿಸಿದರೂ ಅದರ ತರ್ಕ ಸ್ಪಷ್ಟವಾಗಿದೆ. ವರದಿಗಾರ ಓದುಗನಿಗೆ ಮಾರುವುದು ‘ನಾನು ಕಂಡದ್ದನ್ನು ಕಂಡಂತೆ ಹೇಳುತ್ತೇನೆ’ ಎಂಬ ಭರವಸೆಯನ್ನು, ಮತ್ತು ಅಭ್ಯರ್ಥಿಯ ನಿಧಿಗೆ ಬರೆದ ಚೆಕ್ಕು ಆ ಭರವಸೆಗೆ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ನಿಯಮವಿದ್ದರೂ ಎಲ್ಲರೂ ಪಾಲಿಸುತ್ತಿರಲಿಲ್ಲ ಎಂಬುದು ಬೇರೆ ಮಾತು. 2007ರಲ್ಲಿ ಎಂಎಸ್‌ಎನ್‌ಬಿಸಿಯ ಅಂತರ್ಜಾಲ ತಾಣವೇ ಚುನಾವಣಾ ಆಯೋಗದ ದಾಖಲೆಗಳನ್ನು ಜಾಲಾಡಿ, 2004ರಿಂದೀಚೆಗೆ ರಾಜಕೀಯ ದೇಣಿಗೆ ಕೊಟ್ಟ 140ಕ್ಕೂ ಹೆಚ್ಚು ಪತ್ರಕರ್ತರ ಹೆಸರನ್ನು ಪ್ರಕಟಿಸಿತ್ತು. ಅವರಲ್ಲಿ ಬಹುಪಾಲು ಜನ ಕೊಟ್ಟದ್ದು ಡೆಮಾಕ್ರಟಿಕ್ ಪಕ್ಷಕ್ಕೆ ಮತ್ತು ಉದಾರವಾದಿ ಗುಂಪುಗಳಿಗೆ. ಆ ಪಟ್ಟಿಯಲ್ಲಿ ಸ್ಕಾರ್ಬರೋ ಅವರ ಹೆಸರೂ ಇತ್ತು. ಒರೆಗಾನ್ ರಾಜ್ಯದ ಒಬ್ಬ ರಿಪಬ್ಲಿಕನ್ ಅಭ್ಯರ್ಥಿಗೆ ಅವರು 4,200 ಡಾಲರ್ ಕೊಟ್ಟಿದ್ದರು. ಆಗ ಸಂಸ್ಥೆ ಅದನ್ನು ತಪ್ಪೆಂದು ಎಣಿಸಲಿಲ್ಲ, ಅವರು ನಡೆಸುವುದು ಅಭಿಪ್ರಾಯದ ಕಾರ್ಯಕ್ರಮ, ಅವರು ವರದಿಗಾರರಲ್ಲ ಎಂದಿತು. ಮೂರು ವರ್ಷಗಳ ನಂತರ ಅದೇ ವ್ಯಕ್ತಿಗೆ 500 ಡಾಲರಿನ ದೇಣಿಗೆಗಳಿಗಾಗಿ ಎರಡು ದಿನದ ಅಮಾನತು. ನಿಯಮ ಎಷ್ಟು ಸಡಿಲವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಿಯಮದ ಒಕ್ಕಣೆಯನ್ನೂ ಗಮನಿಸಬೇಕು. ಎಂಎಸ್‌ಎನ್‌ಬಿಸಿ ಸೇರಿದ್ದ ಸುದ್ದಿಸಂಸ್ಥೆ ಎನ್‌ಬಿಸಿ ನ್ಯೂಸ್ ದೇಣಿಗೆಯನ್ನು ಪೂರ್ತಿ ನಿಷೇಧಿಸಿರಲಿಲ್ಲ. ಪ್ರಚಾರದಲ್ಲಿ ಪಾಲ್ಗೊಳ್ಳುವುದು ಅಥವಾ ದೇಣಿಗೆ ಕೊಡುವುದು ‘ನಿಷ್ಪಕ್ಷಪಾತ ಪತ್ರಕರ್ತ’ ಎಂಬ ಸ್ಥಾನಕ್ಕೆ ಧಕ್ಕೆ ತರಬಹುದಾದ್ದರಿಂದ ಮೊದಲೇ ಅಧ್ಯಕ್ಷರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದಿತ್ತು. ಓಲ್ಬರ್ಮನ್ ಅಂಥ ನಿಯಮವಿದ್ದದ್ದೇ ತಮಗೆ ತಿಳಿದಿರಲಿಲ್ಲ ಎಂದರು. ತಿಳಿದಿತ್ತೋ ಇಲ್ಲವೋ, ಪ್ರತಿ ರಾತ್ರಿ ಒಂದು ಪಕ್ಷದ ವಿರುದ್ಧ ದನಿಯೇರಿಸಿ ಮಾತಾಡಲೆಂದೇ ಸಂಬಳ ಪಡೆಯುವ ವ್ಯಕ್ತಿಯನ್ನು ‘ನಿಷ್ಪಕ್ಷಪಾತ ಸ್ಥಾನಕ್ಕೆ ಧಕ್ಕೆ’ ಎಂಬ ಕಲಮಿನಡಿ ಶಿಕ್ಷಿಸುವುದರಲ್ಲಿ ಒಂದು ನಗೆಪಾಟಲಿದೆ. ಸಂಸ್ಥೆ ಆತನಿಂದ ಬಯಸಿದ್ದೂ ಜಾಹೀರಾತಿನಲ್ಲಿ ಮಾರಿಕೊಂಡದ್ದೂ ಪಕ್ಷಪಾತವನ್ನೇ.

ಅಭಿಪ್ರಾಯಕಾರರ ಪರವಾದ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ಅವರಲ್ಲಿ ಬಚ್ಚಿಡುವಂಥದ್ದೇನಿದೆ, ಎಂದು ಆ ವಾದ ಕೇಳುತ್ತದೆ. ಬಾಯಿಬಿಟ್ಟು ಹೇಳಿದ್ದನ್ನೇ ಕೈಯಾರೆ ಮಾಡಿದರೆ ಅದು ಪ್ರಾಮಾಣಿಕತೆಯಲ್ಲವೇ? ದೇಣಿಗೆ ಕೊಡುವುದು ಅಮೆರಿಕದಲ್ಲಿ ನಾಗರಿಕರ ಸಾಮಾನ್ಯ ರೂಢಿ. ನ್ಯೂಜೆರ್ಸಿಯಲ್ಲೋ ಸ್ಯಾನ್ ಹೋಸೆಯಲ್ಲೋ ನೆಲೆಸಿದ ಕನ್ನಡಿಗರೂ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಎಚ್1ಬಿ ವೀಸಾದ ಮೇಲಿರುವವರು ಕೊಡುವಂತಿಲ್ಲ. ಕೊಟ್ಟರೆ ಅದು ಗುಟ್ಟಾಗಿಯೂ ಉಳಿಯುವುದಿಲ್ಲ. ಒಬ್ಬ ಅಭ್ಯರ್ಥಿಗೆ ಒಟ್ಟು 200 ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪ್ರಚಾರ ಸಮಿತಿಯು ಫೆಡರಲ್ ಚುನಾವಣಾ ಆಯೋಗಕ್ಕೆ ಸಲ್ಲಿಸಲೇಬೇಕು. ಆಯೋಗದ ತಾಣದಲ್ಲಿ ಒಂದು ಹೆಸರು ಬರೆದು ಹುಡುಕಿದರೆ ಸಾಲುಸಾಲಾಗಿ ಮಾಹಿತಿ ತೆರೆದುಕೊಳ್ಳುತ್ತದೆ: ದಾನಿಯ ಹೆಸರು, ಊರು, ರಾಜ್ಯ, ಉದ್ಯೋಗ, ಕೆಲಸ ಕೊಟ್ಟ ಸಂಸ್ಥೆ, ಯಾರಿಗೆ, ಯಾವ ದಿನ, ಎಷ್ಟು. ಮತದಾನದ ಮುಂಚಿನ ಕೊನೆಯ ದಿನಗಳಲ್ಲಿ ಬಂದ 1,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ದೇಣಿಗೆಯನ್ನು 48 ಗಂಟೆಗಳೊಳಗೆ ತಿಳಿಸಬೇಕು ಎಂಬ ನಿಯಮವೂ ಇದೆ. ಇಷ್ಟೆಲ್ಲ ಬಯಲಾಗಿರುವಾಗ ವ್ಯಾಖ್ಯಾನಕಾರನೊಬ್ಬನನ್ನು ಮಾತ್ರ ನಾಗರಿಕರ ಸಾಲಿನಿಂದ ಎಬ್ಬಿಸಿ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

ಈ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ನಿಷ್ಪಕ್ಷಪಾತದ ಆಧಾರದ ಮೇಲೆ ಅಭಿಪ್ರಾಯಕಾರರನ್ನು ತಡೆಯುವುದು ಆಗದ ಮಾತು. ಅವರಲ್ಲಿ ಇಲ್ಲದ ವಸ್ತುವನ್ನು ಅವರು ಕಳೆದುಕೊಳ್ಳಲಾರರು. ಆದರೆ ಒಂದು ಕಡೆಗೆ ವಾಲುವುದೂ ಒಂದು ಕಡೆಗೆ ಹಣ ಹೂಡುವುದೂ ಒಂದೇ ಅಲ್ಲ. ಕೋಳಿ ಅಂಕದ ಕಟ್ಟೆಯ ಸುತ್ತ ನಿಂತವರಲ್ಲಿ ಯಾವ ಹುಂಜ ಗೆಲ್ಲುತ್ತದೆ, ಏಕೆ ಗೆಲ್ಲುತ್ತದೆ ಎಂದು ವಿವರಿಸಬಲ್ಲ ಹಳೆಯ ಪಳಗಿದ ಕೈ ಒಬ್ಬರಿರುತ್ತಾರೆ. ಅವರಿಗೊಂದು ಹುಂಜ ಹೆಚ್ಚು ಇಷ್ಟ ಎಂಬುದು ಎಲ್ಲರಿಗೂ ಗೊತ್ತಿದ್ದರೂ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಅದೇ ಹುಂಜದ ಮೇಲೆ ಅವರು ಪಣ ಕಟ್ಟಿದ್ದಾರೆ ಎಂದು ತಿಳಿದ ಗಳಿಗೆಯಲ್ಲಿ ಅದೇ ಮಾತು ಬೇರೆಯಾಗಿ ಕೇಳಿಸತೊಡಗುತ್ತದೆ. ಮಾತು ಸುಳ್ಳಾಯಿತೆಂದಲ್ಲ, ಅದನ್ನು ತೂಗುವ ತಕ್ಕಡಿ ಬದಲಾಯಿತು.

ವ್ಯಾಖ್ಯಾನಕಾರನಿಗೆ ಓದುಗರು ಕೊಡುವ ಗೌರವದಲ್ಲಿ ಒಂದು ಷರತ್ತು ಅಡಗಿದೆ. ಈತನ ಒಲವು ಏನೇ ಇರಲಿ, ನಾಳೆ ಹೊಸ ಸಂಗತಿ ಎದುರಾದರೆ ತನ್ನ ಕಡೆಯವರನ್ನೂ ಬಯ್ಯಬಲ್ಲ ಎಂಬ ನಂಬಿಕೆಯೇ ಆ ಷರತ್ತು. ಅಭಿಪ್ರಾಯಕ್ಕೆ ಬೆಲೆ ಬರುವುದು ಅದು ಬದಲಾಗಬಹುದು ಎಂಬ ಕಾರಣಕ್ಕೆ. ದೇಣಿಗೆಯೋ ಬದಲಾಗುವುದಿಲ್ಲ, ಕೊಟ್ಟ ಚೆಕ್ಕು ಕೊಟ್ಟದ್ದೇ. ಹಣ ಹಾಕಿದ ಅಭ್ಯರ್ಥಿಯ ಹಗರಣವೊಂದು ಮತದಾನಕ್ಕೆ ಮೂರು ದಿನ ಮುಂಚೆ ಕೈಗೆ ಸಿಕ್ಕರೆ, ಹಾಕದವನಿಗಿಂತ ಹಾಕಿದವನಿಗೆ ಅದನ್ನು ಓದುವುದು ಕಷ್ಟ. ಬಹುಶಃ ಓಲ್ಬರ್ಮನ್ ಓದಿಯೇ ಓದುತ್ತಿದ್ದರು. ಸ್ವಭಾವದಿಂದ ಅವರು ಯಾರ ಮುಲಾಜಿಗೂ ಬೀಳುವವರಲ್ಲ, ಮಾಲೀಕರೊಂದಿಗೆ ಜಗಳವಾಡದೆ ಬಹಳ ಕಾಲ ಉಳಿದ ಸಂಸ್ಥೆಯೂ ಅವರಿಗಿಲ್ಲ. ಆದರೆ ಓದುಗ ಅಥವಾ ನೋಡುಗ ಆ ‘ಬಹುಶಃ’ವನ್ನು ನಂಬಿಕೊಂಡು ಕೂರಬೇಕಾಗಿ ಬರುವುದೇ ತೊಂದರೆ.

ಅರಿಜೋನಾದ ಇಬ್ಬರಿಗೂ ಹಣ ಹೋದ 2010ರ ಅಕ್ಟೋಬರ್ 28ರ ದಿನವನ್ನು ಹತ್ತಿರದಿಂದ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಆ ವರ್ಷದ ಏಪ್ರಿಲ್‌ನಲ್ಲಿ ಅರಿಜೋನಾ ರಾಜ್ಯ, ದಾಖಲೆಯಿಲ್ಲದ ವಲಸಿಗರ ವಿರುದ್ಧ ‘ಎಸ್‌ಬಿ 1070’ ಎಂಬ ಕಠಿಣ ಕಾನೂನು ತಂದಿತ್ತು. ಅದನ್ನು ಪ್ರತಿಭಟಿಸಿ ಗ್ರಿಹಾಲ್ವಾ ತಮ್ಮ ಸ್ವಂತ ರಾಜ್ಯವನ್ನೇ ಬಹಿಷ್ಕರಿಸುವಂತೆ ಹೊರಗಿನವರಿಗೆ ಕರೆ ಕೊಟ್ಟಿದ್ದರು. ಪ್ರವಾಸೋದ್ಯಮವನ್ನು ನೆಚ್ಚಿದ ಊರುಗಳಲ್ಲಿ ಅದು ತಿರುಗುಬಾಣವಾಗಿ, ಸುಲಭವಾಗಿ ಗೆಲ್ಲುತ್ತಿದ್ದ ಕ್ಷೇತ್ರ ಬಿಗಿಯಾಯಿತು. ಅಕ್ಟೋಬರ್ 28ರ ಗುರುವಾರ ಅವರು ‘ಕೌಂಟ್‌ಡೌನ್’ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದರು. ಅದೇ ರಾತ್ರಿ, ಅರಿಜೋನಾದ ರಾಜಕೀಯದ ಬಗ್ಗೆ ಗೆಳೆಯರೊಬ್ಬರೊಡನೆ ಮಾತಾಡಿದ ಮೇಲೆ ತಾವು ಹಣ ಕಳಿಸಿದ್ದಾಗಿಯೂ, ಬೇರೆ ಯಾರಿಗೂ ಹಾಗೆ ಕಳಿಸಿ ಎಂದು ಪ್ರೇರೇಪಿಸಿಲ್ಲವೆಂದೂ ಓಲ್ಬರ್ಮನ್ ಆಮೇಲೆ ಹೇಳಿಕೆ ಕೊಟ್ಟರು. ಅದನ್ನು ಅನುಮಾನಿಸಲು ಕಾರಣವಿಲ್ಲ. ಆದರೆ ಸಂಜೆ ಪ್ರಶ್ನೆ ಕೇಳಿದವರು ರಾತ್ರಿ ಹಣ ಕೊಟ್ಟರೆ, ಆ ಸಂಜೆಯ ಪ್ರಶ್ನೆಗಳು ಪ್ರಶ್ನೆಗಳಾಗಿದ್ದವೇ ಎಂಬ ಶಂಕೆ ಹಿಂದಿನಿಂದ ಬಂದು ಅಂಟಿಕೊಳ್ಳುತ್ತದೆ. ಕಾರ್ಯಕ್ರಮ ಪ್ರಸಾರವಾದಾಗ ಇದ್ದ ದೋಷವಲ್ಲ ಅದು, ಆದರೂ ತೊಳೆದುಕೊಳ್ಳಲಾಗದ್ದು.

ಫಲಿತಾಂಶದ ರಾತ್ರಿಯದು ಇದಕ್ಕಿಂತ ದೊಡ್ಡ ತೊಡಕು, ಮತ್ತು ಅಮಾನತಿನ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದೆ ಹೋದದ್ದು ಅದೇ. ರಾತ್ರಿ ಎಂಟಕ್ಕೆ ವ್ಯಾಖ್ಯಾನಕಾರನಾಗಿರುವ ವ್ಯಕ್ತಿಯೇ ಚುನಾವಣೆಯ ರಾತ್ರಿ ಸುದ್ದಿಯ ನಿರೂಪಕನಾಗಿ ಕೂತರೆ ಅಭಿಪ್ರಾಯ ಮತ್ತು ವರದಿಗಳ ನಡುವಿನ ಗೋಡೆ ಎಲ್ಲಿ ಉಳಿಯಿತು? ಈ ಎಚ್ಚರಿಕೆ ಎಂಎಸ್‌ಎನ್‌ಬಿಸಿಗೆ ಮೊದಲೇ ಸಿಕ್ಕಿತ್ತು. 2008ರ ಪಕ್ಷ ಸಮಾವೇಶಗಳ ನಂತರ ಟೀಕೆ ಹೆಚ್ಚಾದಾಗ, ಓಲ್ಬರ್ಮನ್ ಮತ್ತು ಮ್ಯಾಥ್ಯೂಸ್ ಅವರನ್ನು ರಾಜಕೀಯ ಘಟನೆಗಳ ಮುಖ್ಯ ನಿರೂಪಣೆಯಿಂದ ಸರಿಸಿ, ಎನ್‌ಬಿಸಿ ನ್ಯೂಸ್‌ನ ಡೇವಿಡ್ ಗ್ರೆಗರಿ ಅವರನ್ನು ಕೂರಿಸಲಾಗಿತ್ತು. 2010ಕ್ಕೆ ಅವರಿಬ್ಬರೂ ಮತ್ತೆ ಅದೇ ಮೇಜಿಗೆ ಮರಳಿದ್ದರು. ‘ಅವರು ವ್ಯಾಖ್ಯಾನಕಾರರು, ಅವರಿಗೆ ವಿನಾಯಿತಿ ಇರಲಿ’ ಎನ್ನುವವರೂ, ‘ಅವರು ಎನ್‌ಬಿಸಿಯ ಪತ್ರಕರ್ತರು, ಅವರಿಗೆ ನಿಯಮ ಅನ್ವಯಿಸಲಿ’ ಎನ್ನುವವರೂ ಏಕಕಾಲಕ್ಕೆ ಸರಿಯಾಗಿ ಕಂಡದ್ದು ಇದರಿಂದ. ಸಂಸ್ಥೆಗೆ ಎರಡೂ ಬೇಕಿತ್ತು: ಪ್ರತಿ ರಾತ್ರಿ ನೋಡುಗರನ್ನು ಹಿಡಿದಿಡುವ ಕಿಡಿಯೂ, ಚುನಾವಣೆಯ ರಾತ್ರಿ ಸುದ್ದಿಸಂಸ್ಥೆಯ ಗಾಂಭೀರ್ಯವೂ. ಆ ಇಬ್ಬಂದಿಯ ಬೆಲೆಯನ್ನು 7,200 ಡಾಲರ್ ಕೊಟ್ಟ ನೌಕರನಿಂದ ವಸೂಲಿ ಮಾಡಲಾಯಿತು.

ಹಣದ ಲೆಕ್ಕಕ್ಕೇ ಬರೋಣ. 2,400 ಡಾಲರಿನಿಂದ ಸೆನೆಟ್ ಚುನಾವಣೆಯೊಂದರಲ್ಲಿ ಏನಾಗುತ್ತದೆ? ಹೆಚ್ಚೆಂದರೆ ಕೆಲವು ಸೆಕೆಂಡುಗಳ ಜಾಹೀರಾತು. ಇದಕ್ಕೆ ಪ್ರತಿಯಾಗಿ, ಪ್ರೈಮ್ ಟೈಮಿನಲ್ಲಿ ಅಭ್ಯರ್ಥಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಅನುಕೂಲದ ಪ್ರಶ್ನೆಗಳನ್ನು ಕೇಳುವ ಐದು ನಿಮಿಷದ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅಮೆರಿಕದ ಕಾನೂನು ಮೊದಲನೆಯದನ್ನು ಡಾಲರ್ ಡಾಲರ್ ಲೆಕ್ಕ ಇಡುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ಅಲ್ಲಿನ ಚುನಾವಣಾ ಹಣಕಾಸಿನ ಕಾನೂನಿನಲ್ಲಿರುವ ‘ಮಾಧ್ಯಮ ವಿನಾಯಿತಿ’ಯ ಪ್ರಕಾರ, ಪ್ರಸಾರ ಸಂಸ್ಥೆಯ ಅಥವಾ ಪತ್ರಿಕೆಯ ಸುದ್ದಿ, ವ್ಯಾಖ್ಯಾನ, ಸಂಪಾದಕೀಯ ಯಾವುದೂ ದೇಣಿಗೆಯೆಂದು ಪರಿಗಣಿತವಾಗುವುದಿಲ್ಲ. ಇದಕ್ಕೊಂದು ಹೊರತಿದೆ: ಆ ಸಂಸ್ಥೆ ಪಕ್ಷದ, ರಾಜಕೀಯ ಸಮಿತಿಯ ಅಥವಾ ಅಭ್ಯರ್ಥಿಯ ಒಡೆತನದಲ್ಲಾಗಲಿ ಹಿಡಿತದಲ್ಲಾಗಲಿ ಇರಬಾರದು. ವಾಕ್ ಸ್ವಾತಂತ್ರ್ಯದ ದೃಷ್ಟಿಯಿಂದ ಈ ವಿನಾಯಿತಿ ಬೇಕೇ ಬೇಕು; ಸರ್ಕಾರ ಸಂಪಾದಕೀಯಕ್ಕೆ ದರ ಕಟ್ಟತೊಡಗಿದರೆ ಪತ್ರಿಕೆ ಉಳಿಯುವುದಿಲ್ಲ. ನನ್ನ ತಕರಾರು ಕಾನೂನಿನ ಮೇಲಲ್ಲ, ಸುದ್ದಿಸಂಸ್ಥೆಗಳ ಒಳನಿಯಮಗಳ ಮೇಲೆ. ಅಳೆಯಲು ಸುಲಭವೆಂಬ ಒಂದೇ ಕಾರಣಕ್ಕೆ ಅವು ಚೆಕ್ಕನ್ನು ಹಿಡಿದವು, ಪ್ರಭಾವವನ್ನು ಬಿಟ್ಟವು.

ಅದೇ ವರ್ಷ ಅತ್ತ ರಿಪಬ್ಲಿಕನ್ ಒಲವಿನ ಫಾಕ್ಸ್ ನ್ಯೂಸ್ ವಾಹಿನಿಯಲ್ಲಿ ನಡೆಯುತ್ತಿದ್ದದ್ದನ್ನು ಇದರ ಪಕ್ಕದಲ್ಲಿಡಬೇಕು. ಸೇರಾ ಪೇಲಿನ್, ಮೈಕ್ ಹಕಬಿ, ನ್ಯೂಟ್ ಗಿಂಗ್ರಿಚ್, ರಿಕ್ ಸ್ಯಾಂಟೋರಮ್ ಈ ರಿಪಬ್ಲಿಕನ್ ನಾಯಕರೆಲ್ಲ ಆ ವಾಹಿನಿಯಿಂದ ಸಂಭಾವನೆ ಪಡೆಯುತ್ತಿದ್ದವರು, ಜೊತೆಜೊತೆಗೇ ರಾಜಕಾರಣದಲ್ಲಿ ತೊಡಗಿದ್ದವರು. ನಿರೂಪಕ ಶಾನ್ ಹ್ಯಾನಿಟಿ ಸ್ವತಃ ರಿಪಬ್ಲಿಕನ್ನರಿಗೆ ದೇಣಿಗೆ ಕೊಟ್ಟಿದ್ದರು. ಓಲ್ಬರ್ಮನ್ ಅಮಾನತಾದ ರಾತ್ರಿಯೇ ಮ್ಯಾಡೋ ತಮ್ಮ ಕಾರ್ಯಕ್ರಮದಲ್ಲಿ ಇದನ್ನೆತ್ತಿಕೊಂಡರು. ಸಹೋದ್ಯೋಗಿಯ ಮೇಲಿನ ಕ್ರಮ ಸಾಕು, ಅವರನ್ನು ವಾಪಸು ಕರೆಯಬೇಕು ಎನ್ನುತ್ತಲೇ, ಅಂಥ ನಿಯಮ ತಮ್ಮಲ್ಲಿದೆ ಎಂಬುದೇ ತಾವು ಸುದ್ದಿಸಂಸ್ಥೆ, ಫಾಕ್ಸ್ ರಾಜಕೀಯ ಸಂಸ್ಥೆ ಎಂಬುದಕ್ಕೆ ಆಧಾರ ಎಂಬ ವಾದ ಮುಂದಿಟ್ಟರು. ಜಾಣ ವಾದ, ಆದರೆ ನಿಯಮ ಇದ್ದ ಮಾತ್ರಕ್ಕೆ ಗುಣ ಬರುವುದಿಲ್ಲ. ಫಾಕ್ಸ್‌ನಲ್ಲಿ ನಿಯಮವಿಲ್ಲದಿರುವುದರ ಫಲ ಎಂಟು ವರ್ಷಗಳ ನಂತರ, ಕಾಕತಾಳೀಯವಾಗಿ ಅದೇ ನವೆಂಬರ್ 5ರಂದು, 2018ರಲ್ಲಿ ಕಂಡಿತು. ಮಧ್ಯಾವಧಿ ಚುನಾವಣೆಯ ಮುನ್ನಾ ರಾತ್ರಿ ಮಿಸೂರಿ ರಾಜ್ಯದ ಕೇಪ್ ಜಿರಾರ್ಡೋದಲ್ಲಿ ಡೊನಾಲ್ಡ್ ಟ್ರಂಪ್ ಕರೆದಾಗ ಹ್ಯಾನಿಟಿ ಪ್ರಚಾರ ವೇದಿಕೆಯನ್ನೇ ಏರಿ ಮಾತಾಡಿದರು. ನಿರೂಪಕರು ಪ್ರಚಾರದಲ್ಲಿ ಭಾಗವಹಿಸುವುದನ್ನು ತಾನು ಒಪ್ಪುವುದಿಲ್ಲ ಎಂದು ಫಾಕ್ಸ್ ಹೇಳಿಕೆ ಕೊಟ್ಟಿತು, ಕಾರ್ಯಕ್ರಮ ಎಂದಿನಂತೆ ನಡೆಯಿತು. ವೇದಿಕೆಯ ಮೇಲಿನ ಆ ಕೆಲವು ನಿಮಿಷಗಳ ಮುಂದೆ 2,400 ಡಾಲರ್ ಚಿಲ್ಲರೆ ಕಾಸು.

ಇನ್ನು ಮಾಲೀಕರು. ಫಾಕ್ಸ್‌ನ ಒಡೆತನ ಹೊಂದಿದ್ದ ನ್ಯೂಸ್ ಕಾರ್ಪೊರೇಶನ್ 2010ರಲ್ಲೇ ರಿಪಬ್ಲಿಕನ್ ಗವರ್ನರುಗಳ ಸಂಘಕ್ಕೆ 10 ಲಕ್ಷ ಡಾಲರ್ ಕೊಟ್ಟಿತ್ತು. ಅದನ್ನು ಓಲ್ಬರ್ಮನ್ ಕೆಲವೇ ವಾರಗಳ ಹಿಂದೆ ತಮ್ಮ ಕಾರ್ಯಕ್ರಮದಲ್ಲಿ ಟೀಕಿಸಿದ್ದರು ಎಂಬುದು ಅವರ ಪ್ರಕರಣವನ್ನು ಮುಜುಗರದ್ದಾಗಿಸಿದ ಸಂಗತಿ. ಆದರೆ ಮುಜುಗರ ಅವರಿಗೆ ಮಾತ್ರ ಸೇರಿದ್ದಲ್ಲ. ಆಗ ಎನ್‌ಬಿಸಿಯ ಒಡೆಯನಾಗಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ, ದೇಶದ ಇತರ ದೊಡ್ಡ ಕಂಪನಿಗಳಂತೆ, ಅಭ್ಯರ್ಥಿಗಳಿಗೆ ಹಣ ಕೊಡುವ ತನ್ನದೇ ರಾಜಕೀಯ ಸಮಿತಿ ಇತ್ತು. ನೌಕರನ ಚೆಕ್ಕು ಸಂಸ್ಥೆಯ ವಿಶ್ವಾಸಾರ್ಹತೆಗೆ ಧಕ್ಕೆ ತರುವುದಾದರೆ ಒಡೆಯನ ಚೆಕ್ಕು ತರುವುದಿಲ್ಲವೇ?

ಈ ಪ್ರಶ್ನೆ ಈಚೆಗೆ ಇನ್ನೂ ಚೂಪಾಗಿದೆ. 2024ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್‌ನ ಮಾಲೀಕ ಜೆಫ್ ಬೆಜೋಸ್, ಅಧ್ಯಕ್ಷೀಯ ಅಭ್ಯರ್ಥಿಯನ್ನು ಬೆಂಬಲಿಸುವ ಸಂಪಾದಕೀಯ ಪತ್ರಿಕೆಯಲ್ಲಿ ಬರಬಾರದೆಂದು ತೀರ್ಮಾನಿಸಿದರು. ಅಂಥ ಬೆಂಬಲ ಪಕ್ಷಪಾತದ ಭಾವನೆ ಹುಟ್ಟಿಸುತ್ತದೆ ಎಂಬುದು ಅವರ ಸಮರ್ಥನೆಯಾಗಿತ್ತು. ಆ ವರ್ಷ ಮುಗಿಯುವುದರೊಳಗೆ ಅವರೇ ಸ್ಥಾಪಿಸಿದ ಅಮೆಜಾನ್ ಕಂಪನಿ ಟ್ರಂಪ್ ಪದಗ್ರಹಣದ ನಿಧಿಗೆ 10 ಲಕ್ಷ ಡಾಲರ್ ಕೊಡುವುದಾಗಿ ತಿಳಿಸಿತು. 2025ರಲ್ಲಿ ಶ್ವೇತಭವನದ ಹೊಸ ನೃತ್ಯಾಂಗಣಕ್ಕೆ ಹಣ ಕೊಟ್ಟವರ ಪಟ್ಟಿ ಹೊರಬಿದ್ದಾಗ ಅದರಲ್ಲಿ ಎನ್‌ಬಿಸಿಯ ಈಗಿನ ಒಡೆಯ ಕಾಮ್‌ಕಾಸ್ಟ್ ಹೆಸರಿತ್ತು. ಇವು ಕಾನೂನಿನ ಭಾಷೆಯಲ್ಲಿ ಚುನಾವಣಾ ದೇಣಿಗೆಗಳಲ್ಲ. ಆದರೆ ಅಧಿಕಾರದಲ್ಲಿರುವವರಿಗೆ ಹಣ ಕೊಟ್ಟ ಸಂಸ್ಥೆಯ ಪತ್ರಕರ್ತರು ಆ ಅಧಿಕಾರದ ಬಗ್ಗೆ ಬರೆಯಬೇಕಾದಾಗ, ಮೇಲಿನ ಮಹಡಿಯಲ್ಲಿ ಕೊಟ್ಟದ್ದು ಕೆಳಗಿನ ಮಹಡಿಯಲ್ಲಿ ಗೊತ್ತಿರುತ್ತದೆ.

ನಮ್ಮ ಕಡೆ ಈ ಪ್ರಶ್ನೆ ಹೀಗೆ ಏಳುವುದಿಲ್ಲ, ಏಕೆಂದರೆ ಏಳಲು ಬೇಕಾದ ದಾಖಲೆಯೇ ಇಲ್ಲ. ಭಾರತದಲ್ಲಿ ಪಕ್ಷಗಳು 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗಳ ಬಗ್ಗೆ ಚುನಾವಣಾ ಆಯೋಗಕ್ಕೆ ಸಲ್ಲಿಸುವ ವರದಿಯಲ್ಲಿ ಹೆಸರು, ವಿಳಾಸ, ಪಾನ್, ಮೊತ್ತ ಇರುತ್ತವೆ. ಉದ್ಯೋಗದ ಕಾಲಂ ಇಲ್ಲ. ಕನ್ನಡದ ವಾರ್ತಾವಾಹಿನಿಯ ಆಂಕರ್ ಒಬ್ಬರು 19,000 ರೂಪಾಯಿ ಕೊಟ್ಟರೆ ಎಲ್ಲಿಯೂ ಬರುವುದಿಲ್ಲ, 50,000 ಕೊಟ್ಟರೆ ಹೆಸರು ಬಂದರೂ ಆಂಕರ್ ಎಂದು ಗೊತ್ತಾಗುವುದಿಲ್ಲ. ಕಂಪನಿಗಳ ಮಟ್ಟಿಗೆ ದೊಡ್ಡ ಮರೆಯಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಪಡಿಸಿದ ಮೇಲಷ್ಟೇ ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತೆಂದು ಜನರಿಗೆ ತಿಳಿಯಿತು. ಮಿಗಿಲಾಗಿ, ನಮ್ಮಲ್ಲಿ ಹಣ ಹರಿಯುವ ದಿಕ್ಕೇ ಬೇರೆ. ಓಲ್ಬರ್ಮನ್ ಚೆಕ್ಕು ಬರೆದ 2010ರಲ್ಲೇ ಭಾರತೀಯ ಪತ್ರಿಕಾ ಮಂಡಳಿಯು, 2009ರ ಚುನಾವಣೆಯಲ್ಲಿ ಅಭ್ಯರ್ಥಿಗಳೇ ಪತ್ರಿಕೆಗಳಿಗೆ ದುಡ್ಡು ಕೊಟ್ಟು ಹೊಗಳಿಕೆಯ ವರದಿ ಬರೆಸಿಕೊಂಡ ‘ಕಾಸಿಗಾಗಿ ಸುದ್ದಿ’ ಹಗರಣದ ವಿಚಾರಣೆಯಲ್ಲಿ ತೊಡಗಿತ್ತು. ಇಬ್ಬರು ಸದಸ್ಯರು ಸಿದ್ಧಪಡಿಸಿದ ವಿವರವಾದ ವರದಿಯನ್ನು ಇಡಿಯಾಗಿ ಬಿಡುಗಡೆ ಮಾಡಲು ಮಂಡಳಿ ಆಗ ಹಿಂಜರಿಯಿತು. ಅಲ್ಲಿ ಪತ್ರಕರ್ತ ರಾಜಕಾರಣಿಗೆ ಕೊಟ್ಟದ್ದು ಹಗರಣ, ಇಲ್ಲಿ ರಾಜಕಾರಣಿ ಪತ್ರಿಕೆಗೆ ಕೊಟ್ಟದ್ದು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಚುನಾವಣಾ ಆಯೋಗ ಅಮೆರಿಕದ ಸುದ್ದಿಮನೆಗಳಿಗಿಂತ ನೇರವಾಗಿ ಯೋಚಿಸಿದೆ ಎನ್ನಬೇಕು. ಅಭ್ಯರ್ಥಿ ಅಥವಾ ಪಕ್ಷ ತನ್ನದೇ ಒಡೆತನದ ವಾಹಿನಿಯನ್ನೋ ಪತ್ರಿಕೆಯನ್ನೋ ಗೆಲುವಿಗಾಗಿ ಬಳಸಿಕೊಂಡರೆ, ಆ ಸಂಸ್ಥೆಯ ಜಾಹೀರಾತು ದರಪಟ್ಟಿಯ ಪ್ರಕಾರ ಅದರ ವೆಚ್ಚವನ್ನು ಚುನಾವಣಾ ಖರ್ಚಿಗೆ ಸೇರಿಸಬೇಕು ಎಂಬುದು ಆಯೋಗದ ಸೂಚನೆ. ಅಂದರೆ ಪ್ರಸಾರದ ಸಮಯಕ್ಕೂ ರೂಪಾಯಿ ಲೆಕ್ಕವುಂಟು ಎಂಬ ತತ್ವವನ್ನು ಅದು ಒಪ್ಪಿಕೊಂಡಿದೆ. ಕಸ್ತೂರಿ ವಾಹಿನಿಯನ್ನು ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ ಆರಂಭಿಸಿದ್ದನ್ನೂ, ಸುವರ್ಣ ನ್ಯೂಸ್‌ನ ಹಿಂದಿದ್ದ ಉದ್ಯಮಿ ರಾಜೀವ್ ಚಂದ್ರಶೇಖರ್ ಕರ್ನಾಟಕದಿಂದಲೇ ರಾಜ್ಯಸಭಾ ಸದಸ್ಯರಾಗಿದ್ದುದನ್ನೂ ನೋಡಿದ ಕನ್ನಡದ ವೀಕ್ಷಕರಿಗೆ ಈ ಸೂಚನೆಯ ಅಗತ್ಯವನ್ನು ವಿವರಿಸಬೇಕಿಲ್ಲ. ಸೂಚನೆ ಎಷ್ಟರ ಮಟ್ಟಿಗೆ ಜಾರಿಯಾಗುತ್ತದೆ ಎಂಬುದು ಜಿಲ್ಲಾಮಟ್ಟದ ಮಾಧ್ಯಮ ಕಣ್ಗಾವಲು ಸಮಿತಿಗಳ ಕಸುವಿಗೆ ಬಿಟ್ಟದ್ದು.

ಹಾಗಾದರೆ ಅಭಿಪ್ರಾಯಕಾರರು ಕೊಡಬಹುದೋ ಬಾರದೋ? ಕೊಡದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ನಿಷ್ಪಕ್ಷಪಾತ ಕೆಡುತ್ತದೆ ಎಂದಲ್ಲ; ತಮ್ಮ ಕಡೆಯವರನ್ನು ಟೀಕಿಸುವ ಅಧಿಕಾರವನ್ನು, ವ್ಯಾಖ್ಯಾನಕಾರನ ಕೈಯಲ್ಲಿರುವ ಏಕೈಕ ಆಸ್ತಿಯನ್ನು, ಅವರು ಅಗ್ಗದ ಬೆಲೆಗೆ ಅಡವಿಟ್ಟಂತಾಗುತ್ತದೆ ಎಂದು. ಆದರೆ ನಾಗರಿಕ ಹಕ್ಕನ್ನು ನೌಕರಿಯ ಕರಾರಿನಿಂದ ಪೂರ್ತಿ ಕಸಿದುಕೊಳ್ಳುವುದನ್ನು ನಾನು ಒಪ್ಪಲಾರೆ. ಕೊಟ್ಟೇ ತೀರುವೆನೆಂಬುವರು ಕೊಡಲಿ, ಆ ಅಭ್ಯರ್ಥಿಯ ಹೆಸರೆತ್ತಿದಾಗಲೆಲ್ಲ ಅದನ್ನು ತೆರೆಯ ಮೇಲೆ ಹೇಳಲಿ, ಆ ಚುನಾವಣೆ ಮುಗಿಯುವವರೆಗೆ ಆ ಅಭ್ಯರ್ಥಿಯನ್ನು ಸಂದರ್ಶಿಸದಿರಲಿ, ಫಲಿತಾಂಶದ ಮೇಜಿನಿಂದ ದೂರವಿರಲಿ. ಆಯೋಗದ ತಾಣದಲ್ಲಿ ಮಾಹಿತಿ ಇದೆಯಲ್ಲ ಎಂಬ ಸಮಜಾಯಿಷಿ ಸಾಲದು; ರಾತ್ರಿ ಊಟ ಮಾಡುತ್ತ ಟೀವಿ ನೋಡುವವರು ಚುನಾವಣಾ ದಾಖಲೆಗಳನ್ನು ಪಕ್ಕದಲ್ಲಿಟ್ಟುಕೊಂಡು ಕೂರುವುದಿಲ್ಲ. ಎಬಿಸಿ ನ್ಯೂಸ್‌ನ ಜಾರ್ಜ್ ಸ್ಟೆಫನಾಪುಲಸ್ ಪ್ರಕರಣ ಇದನ್ನೇ ತೋರಿಸಿತು. ಒಂದು ಕಾಲಕ್ಕೆ ಬಿಲ್ ಕ್ಲಿಂಟನ್ ಅವರ ಆಪ್ತ ಸಲಹೆಗಾರರಾಗಿದ್ದ ಅವರು ಕ್ಲಿಂಟನ್ ಪ್ರತಿಷ್ಠಾನಕ್ಕೆ 75,000 ಡಾಲರ್ ಕೊಟ್ಟದ್ದು 2015ರಲ್ಲಿ ಹೊರಬಂತು. ಅದು ಚುನಾವಣಾ ದೇಣಿಗೆಯಲ್ಲ, ದಾನ. ಪ್ರತಿಷ್ಠಾನದ ತಾಣದಲ್ಲಿ ದಾನಿಗಳ ಹೆಸರುಗಳೂ ಇದ್ದವು. ಆದರೂ ಆ ಪ್ರತಿಷ್ಠಾನದ ಬಗ್ಗೆ ವರದಿ ಮಾಡುವಾಗ ನೋಡುಗರಿಗೆ ಹೇಳಲಿಲ್ಲ ಎಂಬ ಕಾರಣಕ್ಕೆ ಅವರು ಕ್ಷಮೆ ಕೇಳಬೇಕಾಯಿತು, ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆ ನಡೆಸಿಕೊಡುವ ಹೊಣೆಯಿಂದಲೂ ಹಿಂದೆ ಸರಿಯಬೇಕಾಯಿತು.

ಇಂಥ ನಿಯಮಗಳು ಜಾರಿಯಾಗಬೇಕಾದರೆ ಜಾರಿ ಮಾಡುವ ಸಂಸ್ಥೆಯೊಂದು ಇರಬೇಕು. ಈಗಿನ ಅನೇಕ ಪ್ರಭಾವಿ ವ್ಯಾಖ್ಯಾನಕಾರರಿಗೆ ಅದೇ ಇಲ್ಲ. ಪಾಡ್‌ಕಾಸ್ಟ್‌ಗಳಲ್ಲಿ, ಯೂಟ್ಯೂಬ್‌ನಲ್ಲಿ ತಮ್ಮದೇ ಅಂಗಡಿ ತೆರೆದುಕೊಂಡವರಿಗೆ ಅಮಾನತು ಮಾಡುವ ಅಧ್ಯಕ್ಷರಿಲ್ಲ, ಒಪ್ಪಿಗೆ ಪಡೆಯಬೇಕಾದ ಕಲಮಿಲ್ಲ. ಬರಾಕ್ ಒಬಾಮಾ ಅವರ ಆಡಳಿತದಲ್ಲಿ ಕೆಲಸ ಮಾಡಿದ್ದವರು ಕಟ್ಟಿದ ಕ್ರೂಕೆಡ್ ಮೀಡಿಯಾ ಎಂಬ ಪಾಡ್‌ಕಾಸ್ಟ್ ಸಂಸ್ಥೆ, ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಹಣ ಕೊಡಿ ಎಂದು ಕೇಳುಗರನ್ನು ಕಾರ್ಯಕ್ರಮದಲ್ಲೇ ಕೇಳುತ್ತದೆ. ಕೇಳುವವರಿಗೆ ತಾವು ಎಲ್ಲಿ ಕೂತಿದ್ದೇವೆಂದು ಗೊತ್ತಿರುತ್ತದೆ. ಇನ್ನೊಂದು ಕಡೆ, 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಸಲ್ಲಿಸಿದ ದೋಷಾರೋಪದ ಪ್ರಕಾರ, ರಷ್ಯಾದ ಸರ್ಕಾರಿ ವಾಹಿನಿ ಆರ್‌ಟಿಯ ಇಬ್ಬರು ಉದ್ಯೋಗಿಗಳು ಟೆನೆಸಿಯ ಒಂದು ಕಂಪನಿಯ ಮೂಲಕ ಸುಮಾರು 1 ಕೋಟಿ ಡಾಲರ್ ಹರಿಸಿ ಹೆಸರಾಂತ ಯೂಟ್ಯೂಬ್ ವ್ಯಾಖ್ಯಾನಕಾರರಿಂದ ವೀಡಿಯೊ ಮಾಡಿಸಿದ್ದರು. ಆ ಹಣ ಎಲ್ಲಿಂದ ಬರುತ್ತಿದೆ ಎಂಬುದು ನೋಡುತ್ತಿದ್ದ ಲಕ್ಷಾಂತರ ಜನರಿಗೆ ಹಾಗಿರಲಿ, ತಮಗೂ ತಿಳಿದಿರಲಿಲ್ಲ ಎಂದು ಆ ವ್ಯಾಖ್ಯಾನಕಾರರು ಹೇಳಿದರು. ಒಂದು ಕಡೆ ಹಣ ಕೇಳುವುದೂ ಬಹಿರಂಗ, ಇನ್ನೊಂದು ಕಡೆ ಹಣ ಪಡೆದವರಿಗೇ ಅದರ ಮೂಲ ಮರೆ. ಇವುಗಳ ನಡುವೆ ಓಲ್ಬರ್ಮನ್ ಅವರ ಮೂರು ಚೆಕ್ಕುಗಳನ್ನು ಇಟ್ಟು ನೋಡಿದರೆ, ಅಭ್ಯರ್ಥಿಯ ಹೆಸರು, ತಾರೀಖು, ಮೊತ್ತ ಎಲ್ಲ ಇದ್ದ, ಯಾರು ಬೇಕಾದರೂ ಹುಡುಕಿ ತೆಗೆಯಬಹುದಾಗಿದ್ದ ಆ ಪ್ರಕರಣ ಈಗ ಅಚ್ಚುಕಟ್ಟಾದ ಕಾಲದ್ದೆನಿಸುತ್ತದೆ.